ನನ್ನ ಅಭಿಪ್ರಾಯದಲ್ಲಿ ನನ್ನ ಪಾಲೆಷ್ಟು?

ಪ್ರಶ್ನೆ
ಕೆಲಸ ಬದಲಿಸಿ ಎರಡು ವರ್ಷವಾಯಿತು. ಹಿಂದಿನ ಕಚೇರಿಯಲ್ಲಿದ್ದಾಗ ಮರಣದಂಡನೆ ಇರಲೇಬೇಕೆಂದು ವಾದಿಸುತ್ತಿದ್ದ ನಾನು ಈಗ ಅದು ಬೇಡವೆನ್ನುತ್ತಿದ್ದೇನೆ. ಈ ನಡುವೆ ಆ ವಿಷಯದ ಮೇಲೆ ಒಂದು ಪುಸ್ತಕವನ್ನೂ ಓದಿಲ್ಲ, ಯಾರೊಡನೆಯೂ ವಾದಕ್ಕಿಳಿದು ಸೋತಿಲ್ಲ. ಮಧ್ಯಾಹ್ನ ಜೊತೆಗೆ ಊಟಕ್ಕೆ ಕೂರುವ ಐದಾರು ಜನ ಬದಲಾಗಿದ್ದಾರೆ, ಅಷ್ಟೆ. ಹಾಗಾದರೆ ಮೊದಲಿನ ನಿಲುವು ನನ್ನದಾಗಿತ್ತೇ, ಈಗಿನದು ನನ್ನದೇ, ಇಲ್ಲವೇ ಎರಡೂ ಒಡನಾಡಿಗಳಿಂದ ಬಂದವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1
ಸಾಮಾಜಿಕ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ 1935ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಗಾಢ ಕತ್ತಲೆಯ ಕೋಣೆಯಲ್ಲಿ ನಿಶ್ಚಲವಾದ ಬೆಳಕಿನ ಚುಕ್ಕಿಯೊಂದನ್ನು ನೋಡುತ್ತಿದ್ದರೆ ಅದು ಚಲಿಸಿದಂತೆ ಕಾಣುತ್ತದೆ. ಎಷ್ಟು ದೂರ ಚಲಿಸಿತೆಂದು ಒಬ್ಬೊಬ್ಬರನ್ನೇ ಕೇಳಿದಾಗ ಪ್ರತಿಯೊಬ್ಬರ ಅಂದಾಜೂ ಬೇರೆಯಾಗಿತ್ತು. ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಅಂದಾಜುಗಳು ಮೆಲ್ಲಮೆಲ್ಲನೆ ಒಂದಕ್ಕೊಂದು ಸಮೀಪಿಸಿದವು. ನನ್ನನ್ನು ಹೆಚ್ಚು ಕಾಡುವುದು ಅದರ ಮುಂದಿನ ಭಾಗ: ಆಮೇಲೆ ಒಂಟಿಯಾಗಿ ಕೂತಾಗಲೂ ಅವರು ಗುಂಪಿನ ಅಳತೆಯನ್ನೇ ಹಿಡಿದುಕೊಂಡಿದ್ದರು. ಯಾರೂ ಬಲವಂತ ಮಾಡಿರಲಿಲ್ಲ. ಅಳೆಯಲು ಕಣ್ಣೆದುರು ಗೆರೆಗೋಲು ಇಲ್ಲದಿದ್ದಾಗ ಪಕ್ಕದವರ ಮಾತೇ ಗೆರೆಗೋಲಾಗುತ್ತದೆ. ನ್ಯಾಯ, ಶಿಕ್ಷೆ, ಕ್ಷಮೆಯಂಥ ಪ್ರಶ್ನೆಗಳಲ್ಲಿ ನಾವೆಲ್ಲರೂ ಹೆಚ್ಚುಕಡಿಮೆ ಆ ಕತ್ತಲ ಕೋಣೆಯಲ್ಲಿಯೇ ಇದ್ದೇವೆ.

ಉತ್ತರ 2
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಬೆಳಕಿದ್ದಲ್ಲಿಯೂ ಹೀಗಾಗುತ್ತದೆ ಎಂಬುದನ್ನು ಸೇರಿಸಬೇಕು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ ಗೆರೆಗಳ ಉದ್ದವನ್ನು ಹೋಲಿಸುವ ತೀರಾ ಸುಲಭದ ಕೆಲಸ ಕೊಟ್ಟು, ಮೊದಲೇ ಹೇಳಿಕೊಟ್ಟಿದ್ದ ಗುಂಪಿನಿಂದ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿಸಿದರು. ಅಂಥ ಸುತ್ತುಗಳಲ್ಲಿ ಏನೂ ಅರಿಯದೆ ಬಂದವರ ಉತ್ತರಗಳಲ್ಲಿ ಮೂರನೇ ಒಂದಕ್ಕೂ ಸ್ವಲ್ಪ ಹೆಚ್ಚು ಗುಂಪಿನ ಕಡೆಗೇ ವಾಲಿದವು. ಸುಮಾರು ಕಾಲುಭಾಗದಷ್ಟು ಜನ ಒಮ್ಮೆಯೂ ಬಾಗಲಿಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕಾಗಿತ್ತು, ತಪ್ಪುಗಳು ಮೊದಲಿನ ಕಾಲುಭಾಗಕ್ಕೆ ಇಳಿದವು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗಲೂ ತಪ್ಪುಗಳು ಬಹಳ ಕಡಿಮೆಯಾದವು. ಅಂದರೆ ಅವರಲ್ಲಿ ಅನೇಕರು ನಂಬದೆಯೇ ಹೂಂಗುಟ್ಟಿದ್ದರು.

ಇದು ನನ್ನ ಅನುಭವವೂ ಹೌದು. ಒಂದು ಸಭೆಯಲ್ಲಿ ನಿರ್ಣಯವೊಂದಕ್ಕೆ ಕೈ ಎತ್ತುವಂತೆ ಹೇಳಿದಾಗ ನನ್ನ ಕೈ ಮೇಜಿನ ಮೇಲೆಯೇ ಇತ್ತು. ಎಡಗಡೆಯವರ ಕೈ ಎದ್ದಿತು, ಎದುರಿನ ಮೂವರದೂ ಎದ್ದಿತು, ಆಮೇಲೆ ನೋಡಿದರೆ ನನ್ನದೂ ಮೇಲಿತ್ತು. ಇಂದಿಗೂ ಆ ನಿರ್ಣಯ ತಪ್ಪೆಂದೇ ನಂಬಿದ್ದೇನೆ. ಆದ್ದರಿಂದ ನೀವು ಬದಲಿಸಿದ್ದು ನಂಬಿಕೆಯನ್ನೋ ಬರಿಯ ಮಾತನ್ನೋ ಎಂದು ಮೊದಲು ವಿಂಗಡಿಸಿಕೊಳ್ಳಿ.

ಉತ್ತರ 3
ಪ್ರಭಾವ ಬಹುಮತದಿಂದ ಮಾತ್ರ ಬರುವುದಿಲ್ಲ. 1969ರಲ್ಲಿ ಮನಶ್ಶಾಸ್ತ್ರಜ್ಞ ಸರ್ಜ್ ಮೊಸ್ಕೊವಿಸಿ ಮತ್ತು ಸಂಗಡಿಗರು ಆರು ಜನರ ಗುಂಪಿನಲ್ಲಿ ಇಬ್ಬರಿಂದ ನೀಲಿ ಬಣ್ಣವನ್ನು ಹಸಿರೆಂದು ಹೇಳಿಸಿದರು. ಆ ಇಬ್ಬರು ಕೊನೆಯವರೆಗೂ ಒಂದೇ ಮಾತಿಗೆ ಅಂಟಿಕೊಂಡಾಗ ಉಳಿದವರ ಉತ್ತರಗಳಲ್ಲಿ ಶೇ. 8ಕ್ಕೂ ಹೆಚ್ಚು ಹಸಿರಾದವು. ಮಾತು ಆಗಾಗ ಬದಲಿಸಿದಾಗ ಅದು ಶೇ. 1ರ ಆಸುಪಾಸಿಗೆ ಇಳಿಯಿತು. ಇನ್ನೊಂದು ಮಾತು: ಒಡನಾಟದಿಂದ ಬಂದಿತೆಂಬ ಕಾರಣಕ್ಕೇ ಅಭಿಪ್ರಾಯ ಸುಳ್ಳಾಗುವುದಿಲ್ಲ. ಭಾಷೆಯನ್ನೂ ನಾವು ಇತರರಿಂದಲೇ ಕಲಿತೆವು. ಎರಡೂ ನಿಲುವುಗಳಿಗೆ ನಿಮ್ಮಲ್ಲಿರುವ ಕಾರಣಗಳನ್ನು ಒಬ್ಬರೇ ಕೂತು ಬರೆದು ನೋಡಿ.

ಪ್ರಶ್ನೆ ಕೇಳಿದವರಿಂದ
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬರೆದು ನೋಡಿದೆ. ಹಳೆಯ ನಿಲುವಿಗೆ ಮೂರು ಕಾರಣಗಳು ಸಿಕ್ಕವು, ಈಗಿನದಕ್ಕೆ ಎರಡು. ಅವುಗಳಲ್ಲಿ ಒಂದು, ತಪ್ಪಾಗಿ ನೀಡಿದ ಮರಣದಂಡನೆಯನ್ನು ಹಿಂತೆಗೆದುಕೊಳ್ಳಲಾಗದು ಎಂಬುದು, ನಿಜವಾಗಿಯೂ ನನ್ನನ್ನು ಕಲಕುತ್ತದೆ. ಇನ್ನೊಂದನ್ನು ಓದುವಾಗ ಮಾತ್ರ ನನ್ನ ಸಹೋದ್ಯೋಗಿಯೊಬ್ಬರ ದನಿಯೇ ಕಿವಿಗೆ ಬಿತ್ತು. ವಾಕ್ಯವೂ ಅವರದೇ ಆಗಿತ್ತು. ಅದನ್ನು ಸದ್ಯಕ್ಕೆ ಹೊಡೆದುಹಾಕಿದ್ದೇನೆ.