ಅಪ್‌ಡೇಟ್: ಕ್ಯಾನರಿ ದ್ವೀಪಗಳ ಹಿಂದಿನ ಬೆಳ್ಳಿ ಬಾಲಗಳು

ಉಪಗ್ರಹ ಚಿತ್ರದಲ್ಲಿ ಅಟ್ಲಾಂಟಿಕ್ ಸಾಗರದ ಕ್ಯಾನರಿ ದ್ವೀಪಗಳ ನೈಋತ್ಯಕ್ಕೆ ಉದ್ದುದ್ದ ಬಿಳಿ ಪಟ್ಟಿಗಳು ಕಂಡಿದ್ದವು. ಅದು ಎಣ್ಣೆಯೋ, ಕೆಸರೋ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಎರಡೂ ಅಲ್ಲ, ಬಿಸಿಲಿನ ಪ್ರತಿಫಲನ ಎಂದಿದ್ದಿರಿ. ನಾಸಾದ ಟೆರಾ ಮತ್ತು ಆಕ್ವಾ ಉಪಗ್ರಹಗಳು ಒಂದೇ ದಿನ ತೆಗೆದ ಚಿತ್ರ ಹೋಲಿಸಲು ಹೇಳಿದ್ದಿರಿ.

ಹೋಲಿಸಿದೆ. ಟೆರಾ ಬೆಳಗ್ಗೆ ಹಾದುಹೋಗುತ್ತದೆ, ಆಕ್ವಾ ಮಧ್ಯಾಹ್ನದ ಮೇಲೆ. ಒಂದರಲ್ಲಿ ಬೆಳ್ಳಿಯಂತೆ ಹೊಳೆದ ಜಾಗ ಇನ್ನೊಂದರಲ್ಲಿ ಬರೀ ನೀಲಿ! ಕೆಸರಾಗಿದ್ದರೆ ಕೆಲವೇ ಗಂಟೆಗಳಲ್ಲಿ ಹೀಗೆ ಮಾಯವಾಗುತ್ತಿರಲಿಲ್ಲ ಅಲ್ವಾ?

ಈ ಪಟ್ಟಿಗಳು ಮೂಡಲು ಕಾರಣ ಗಾಳಿ. ಅಲ್ಲಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವನ್ನು ದ್ವೀಪಗಳ ಎತ್ತರದ ಬೆಟ್ಟಗಳು ತಡೆಯುತ್ತವೆ. ಟೆನೆರೀಫ್ ದ್ವೀಪದ ಟೇಡೆ ಪರ್ವತ ಒಂದೇ 3,700 ಮೀಟರಿಗೂ ಜಾಸ್ತಿ. ಅವುಗಳ ಮರೆಯಲ್ಲಿ ನೀರು ನುಣುಪಾಗಿ ಕನ್ನಡಿಯಂತೆ ಹೊಳೆಯುತ್ತದೆ. ಸುತ್ತಲಿನ ಅಲೆಗಳು ಬೆಳಕನ್ನು ದಿಕ್ಕಾಪಾಲು ಚೆದುರಿಸುತ್ತವೆ. ಆದರೆ ಚಿತ್ರದಲ್ಲಿ ಬಿಸಿಲು ಪ್ರತಿಫಲಿಸುವ ಜಾಗದ ಅಂಚಿಗೆ ಹೋದರೆ ಅದೇ ನುಣುಪು ನೀರು ಕಪ್ಪಾಗಿ ಕಾಣುತ್ತದೆ. ನಾನು ಎಡವಿದ್ದು ಇಲ್ಲೇ, ಕಪ್ಪು ಕಂಡಲ್ಲೆಲ್ಲ ಎಣ್ಣೆ ಎಂದುಕೊಂಡಿದ್ದೆ.

ಹೊಳಪಿನಿಂದ ಗಾಳಿಯನ್ನೇ ಅಳೆಯಬಹುದು ಎಂದು ಕಾಕ್ಸ್ ಮತ್ತು ಮಂಕ್ ಎಂಬ ಸಾಗರ ವಿಜ್ಞಾನಿಗಳು 1954ರಲ್ಲೇ ತೋರಿಸಿದ್ದರಂತೆ, ವಿಮಾನದಿಂದ ತೆಗೆದ ಫೋಟೋಗಳಿಂದ! ಓದಿ ರೋಮಾಂಚನವಾಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಮುಂದೆ ಹವಾಯಿ ನೋಡುತ್ತೇನೆ.