ಸುಧಾಗೆ ದೊಡ್ಡಮ್ಮನ ಉತ್ತರ, ಪುಟ್ಟಿಯ ತಲೆನೋವಿನ ಬಗ್ಗೆ

ಸುಧಾ, ನಿನ್ನ ಮೆಸೇಜ್ ಈಗ ಕೇಳಿದೆ ಕಣೇ. ಮೈಗ್ರೇನ್ ಬರದ ಹಾಗೆ ತಡೆಯೋ ಮಾತ್ರೆಯ ಟ್ರಯಲ್‌ಗೆ ಪುಟ್ಟಿನ ಸೇರಿಸ್ತೀರಾ ಅಂತ ಡಾಕ್ಟ್ರು ಕೇಳಿದಾರೆ, ಔಷಧಿನೇ ಇಲ್ಲದ ಹುಸಿ ಮಾತ್ರೆ ಇವಳ ಪಾಲಿಗೆ ಬಂದ್ರೆ ಏನ್ ಗತಿ ಅಂತ ತಾನೇ? ಅದಿರಲಿ. ಮೊದಲು ಅವಳು ನುಂಗ್ತಿರೋ ನೋವಿನ ಮಾತ್ರೆ ಲೆಕ್ಕ ಮುಚ್ಚಿಡಬೇಡ.

ನನ್ನ ತಲೆನೋವು ನಿಮಗೆಲ್ಲ ಗೊತ್ತಲ್ಲ, ಹೈಸ್ಕೂಲಲ್ಲಿ ಶುರುವಾಗಿದ್ದು. ಬಲಗಣ್ಣಿನ ಹಿಂದೆ ಕುಟ್ಟೋಕೆ ಹತ್ತಿದ್ರೆ ಬೆಳಕು ಕಂಡ್ರೂ ವಾಂತಿ. ಬರೋ ಮುಂಚೇನೇ ಒಂದು ಮಾತ್ರೆ ಹಾಕ್ಕೊಂಬಿಡು ಅಂತ ಎಲ್ಲರೂ ಹೇಳೋರು, ಹಾಕ್ಕೊಂಡೆ. ವಾರಕ್ಕೊಮ್ಮೆ ಬರ್ತಿದ್ದ ನೋವು ದಿನಾ ಬೆಳಿಗ್ಗೆ ನನಗಿಂತ ಮುಂಚೆ ಏಳೋಕೆ ಶುರುವಾಯ್ತು. ಕೊನೆಗೊಬ್ಬರು ಡಾಕ್ಟ್ರಮ್ಮ ಖಾಲಿ ಸ್ಟ್ರಿಪ್ಪೆಲ್ಲ ತರಿಸಿ ಎಣಿಸಿ, ಈ ಮಾತ್ರೆನೇ ನಿನ್ನ ತಲೆನೋವು ಅಂದ್ರು. ಮಾಮೂಲಿ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಂತ ಮೈಗ್ರೇನ್ ಬಂದಾಗ ನುಂಗೋ ಮಾತ್ರೆ ಆದ್ರೆ 10 ದಿನ, ಹೀಗೆ 3 ತಿಂಗಳು ದಾಟಿದ್ರೆ ಸಾಕಂತೆ. ನಿಲ್ಲಿಸಿದ ಹೊಸದರಲ್ಲಿ ಅನುಭವಿಸಿದ್ದು ನನಗೇ ಗೊತ್ತು. ಅದಕ್ಕೇ ಮತ್ತೆ ಹೇಳ್ತೀನಿ, ಒಂದು ಮಾತ್ರೆನೂ ಮುಚ್ಚಿಡಬೇಡಿ.

ಆಗ ಯಾರು ನಂಬಿದ್ರು ಹೇಳು? ಕೆಲಸ ತಪ್ಪಿಸ್ಕೊಳ್ಳೋ ನಾಟಕ ಅಂದ್ರು. ಕತ್ತಲೆ ಕೋಣೇಲಿ ಮಲಗಿದ್ರೆ ದೀಪ ಹಾಕಿ ಎಬ್ಬಿಸೋರು. ಈ ಗುಂಪಲ್ಲೇ ಹಾಗಂದವರು ಇದಾರೆ, ನನಗಿನ್ನೂ ಮರೆತಿಲ್ಲ. ಪುಟ್ಟಿಗೆ ಆ ಮಾತು ಯಾರೂ ಆಡಬೇಡಿ.

ಹಾಂ, ನೀನು ಕೇಳಿದ್ದು ಹುಸಿ ಮಾತ್ರೆ ವಿಷಯ. ಅಮೆರಿಕದಲ್ಲಿ ಮೈಗ್ರೇನ್ ಇರೋ 8ರಿಂದ 17 ವರ್ಷದ ಮಕ್ಕಳಲ್ಲಿ ಕೆಲವರಿಗೆ ಅಮಿಟ್ರಿಪ್ಟಿಲಿನ್, ಕೆಲವರಿಗೆ ಟೋಪಿರಮೇಟ್ ಅನ್ನೋ ಮೈಗ್ರೇನ್ ತಡೆಯೋ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ 24 ವಾರ ಕೊಟ್ಟು ನೋಡಿದ್ರು, 2017ರಲ್ಲಿ ಅಚ್ಚಾಯ್ತು. ತಲೆನೋವಿನ ದಿನ ಅರ್ಧಕ್ಕೆ ಇಳಿದದ್ದು ಅಮಿಟ್ರಿಪ್ಟಿಲಿನ್‌ನವರಲ್ಲಿ ನೂರಕ್ಕೆ 52 ಮಕ್ಕಳಿಗೆ, ಟೋಪಿರಮೇಟ್‌ನವರಲ್ಲಿ 55, ಹುಸಿ ಮಾತ್ರೆಯವರಲ್ಲಿ 61! ಹಾಗಂತ ಮಕ್ಕಳ ನೋವು ಸುಳ್ಳಲ್ಲ. ಆದರೆ ಹುಸಿ ಮಾತ್ರೆ ಸಿಕ್ಕಿದ್ರೆ ಮಗು ಕೆಟ್ಟಿತು ಅಂತ ಅಳೋದು ಬೇಡ. ಅಡ್ಡ ಪರಿಣಾಮ ಮಾತ್ರ ನಿಜವಾದ ಮಾತ್ರೆಗಳಲ್ಲೇ ಜಾಸ್ತಿ ಇತ್ತು. ಟೋಪಿರಮೇಟಲ್ಲಿ ಕೈಕಾಲು ಜುಮ್ಮೆನ್ನೋದು, ತೂಕ ಇಳಿಯೋದು, ಇನ್ನೊಂದರಲ್ಲಿ ಸುಸ್ತು, ಬಾಯಿ ಒಣಗೋದು.

ಇವತ್ತಿಂದಲೇ ಡೈರಿ ಬರೆಸು: ಯಾವತ್ತು ನೋವು, ಎಷ್ಟು ಹೊತ್ತು, ಏನು ನುಂಗಿದ್ಲು. ನೋವು ಜೋರಾದ್ರೆ ಯಾವ ಮಾತ್ರೆ ಕೊಡಬಹುದು, ಬೇಡ ಅನ್ನಿಸಿದಾಗ ಹೊರಗೆ ಬರಬಹುದಾ ಅಂತ ಕೇಳು. ಸಪ್ಪಗೆ ಕೂತ್ಲು, ಸಿಟ್ಟು ಮಾಡಿದ್ಲು ಅಂದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡು. ನೀನಾಗೇ ಮಾತ್ರೆ ನಿಲ್ಲಿಸಬೇಡ. ಪುಟ್ಟಿನೂ ಕೂರಿಸ್ಕೊಂಡು ಮಾತಾಡು. ಅವಳು ಒಲ್ಲೆ ಅಂದ್ರೆ ಸಹಿ ಹಾಕಬೇಡ.