ಸೈಕ್ಲೋಫಾಸ್ಫಮೈಡ್ ಕಾರ್ಬನ್‌ಗೆ ಅಂಟುತ್ತಿಲ್ಲ, ಕಾರ್ಬನ್ ಡೋಸ್ ಏರಿಸಬೇಕೇ?

ಪ್ರಶ್ನೆ: ಕ್ಯಾನ್ಸರ್ ವಾರ್ಡಿನ ತ್ಯಾಜ್ಯನೀರು, ಪುಡಿ ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹಿಡಿದಿಡುವ ರಂಧ್ರಭರಿತ ಇದ್ದಿಲು) ಲೀಟರಿಗೆ 50 ಮಿ.ಗ್ರಾಂ. ಡಿಸ್ಟಿಲ್ಡ್ ನೀರಲ್ಲಿ ಫಲಿತಾಂಶ ಚೆನ್ನಾಗಿದೆ, ನಿಜವಾದ ನೀರಲ್ಲಿ ಕ್ಯಾನ್ಸರ್ ಔಷಧಗಳಾದ ಸೈಕ್ಲೋಫಾಸ್ಫಮೈಡ್, 5-ಫ್ಲೋರೋಯುರಾಸಿಲ್ ಎರಡೂ ಉಳಿಯುತ್ತವೆ. ಇನ್ನೊಂದು ಔಷಧ ಡಾಕ್ಸೊರುಬಿಸಿನ್ ಪೂರ್ತಿ ಮಾಯ. ಯಾಕೆ?

ಉತ್ತರ 1: ಡಾಕ್ಸೊರುಬಿಸಿನ್ ಅಂಕಿ ನಂಬಬೇಡಿ. ಅದು ಗಾಜಿಗೂ ಫಿಲ್ಟರಿಗೂ ಅಂಟುತ್ತದೆ. ಕಾರ್ಬನ್ ಇಲ್ಲದ ಬ್ಲ್ಯಾಂಕ್ ಬಾಟಲಿ ಜೊತೆಗೇ ಓಡಿಸಿ. ಪಾಲಿಪ್ರೊಪಿಲೀನ್ ಬಾಟಲಿ ಬಳಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ. ಫಿಲ್ಟರ್ ಬದಲು ಸೆಂಟ್ರಿಫ್ಯೂಜ್ ಲೇಸು. 5-ಫ್ಲೋರೋಯುರಾಸಿಲ್ ಚಿಕ್ಕ ಅಣು, ನೀರನ್ನೇ ಇಷ್ಟಪಡುತ್ತದೆ, ಕಾರ್ಬನ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ.

ಉತ್ತರ 2: ಡೋಸ್ ಏರಿಸುವ ಮೊದಲು ನೀರಿನ ಸಾವಯವ ಇಂಗಾಲ ಅಳೆಯಿರಿ. ಔಷಧ ಮೈಕ್ರೋಗ್ರಾಂ ಲೆಕ್ಕ, ಉಳಿದ ಸಾವಯವ ಕಸ ಮಿಲಿಗ್ರಾಂ ಲೆಕ್ಕ. ರಂಧ್ರಗಳ ಸೀಟು ಹಿಡಿಯುವುದು ಅದೇ. ಹಾಗಾಗಿ ಮೊದಲು ಮೆಂಬ್ರೇನ್ ಬಯೋರಿಯಾಕ್ಟರ್ (ಸೂಕ್ಷ್ಮಜೀವಿಗಳಿಂದ ಕಸ ಕರಗಿಸಿ ಪೊರೆಯಲ್ಲಿ ಸೋಸುವ ಟ್ಯಾಂಕ್), ಆಮೇಲೆ ಕಾರ್ಬನ್. ನಂತರ 10, 20, 50, 100 ಮಿ.ಗ್ರಾಂ ಡೋಸ್‌ಗಳಲ್ಲಿ, 25 ಡಿಗ್ರಿಯಲ್ಲಿ 24 ಗಂಟೆ ಅಲುಗಾಡಿಸಿ ಐಸೋಥರ್ಮ್ (ಕಾರ್ಬನ್‌ಗೆ ಎಷ್ಟು ಅಂಟಿತು, ನೀರಲ್ಲಿ ಎಷ್ಟು ಉಳಿಯಿತು ಎಂಬ ರೇಖೆ) ತೆಗೆಯಿರಿ, ಅದೇ ನೀರಲ್ಲಿ. ಅಂದಹಾಗೆ ಸೈಕ್ಲೋಫಾಸ್ಫಮೈಡ್ ಅಳೆಯಲು ಯುವಿ ಬೆಳಕಿನ ವಿಧಾನ ಬೇಡ, ಅದಕ್ಕೆ ಹೇಳಿಕೊಳ್ಳುವಂಥ ಬೆಳಕಿನ ಹೀರಿಕೆಯೇ ಇಲ್ಲ, ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಬೇಕು.

ಉತ್ತರ 3: ಬಳಸಿದ ಕಾರ್ಬನ್ ಮರೆಯಬೇಡಿ. ಔಷಧ ನಾಶವಾಗಿಲ್ಲ, ಜಾಗ ಬದಲಿಸಿದೆ ಅಷ್ಟೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸೈಟೊಟಾಕ್ಸಿಕ್ (ಜೀವಕೋಶಕ್ಕೆ ವಿಷವಾಗುವ) ತ್ಯಾಜ್ಯಕ್ಕೆ ಹಳದಿ ಚೀಲ, 1200 ಡಿಗ್ರಿಗಿಂತ ಹೆಚ್ಚಿನ ದಹನ ಹೇಳಿದೆ. ಕಾರ್ಬನ್ನನ್ನೂ ಅದೇ ದಾರಿಗೆ ಕಳಿಸಿ. ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ, ಒಣಗಿದರೆ ಧೂಳು ಏಳುತ್ತದೆ.